ವಂಶನಾಮಗಳ ನಿರ್ವಚನವೂ ಕಾವ್ಯವೂ

ಶಬ್ದದ ಮೂಲವನ್ನು ಅರಸುವುದು ಶಾಬ್ದಿಕನ ಕೆಲಸ. ಕುಲದ ಮೂಲವನ್ನು ಅರಸುವುದು ಚರಿತ್ರಕಾರನ ಕೆಲಸ. ಇವೆರಡನ್ನೂ ಒಂದೇ ಹೆಸರಿನಲ್ಲಿ ಕೂಡಿಸಿ, ಕೇಳಿದವರ ಮನಸ್ಸು ಕರಗುವಂತೆ ಹೇಳುವುದು ಕವಿಯ ಕೆಲಸ. ನಮ್ಮ ದೇಶದಲ್ಲಿ ಈ ಮೂರು ಕೆಲಸಗಳೂ ಬಹುಕಾಲ ಒಬ್ಬನ ಕೈಯಲ್ಲಿಯೇ ಇದ್ದುವು. ಶಾಸನವನ್ನು ಬರೆದ ಕವಿಯೇ ಅರಸನ ಹೆಸರಿಗೆ ಅರ್ಥವನ್ನು ಹೇಳಿದನು, ಅರಸನ ವಂಶವನ್ನೂ ಹೇಳಿದನು. ಆದಕಾರಣ ಅವನ ಮಾತಿನಲ್ಲಿ ವ್ಯಾಕರಣವೆಷ್ಟು, ಚರಿತ್ರೆಯೆಷ್ಟು, ಕಾವ್ಯವೆಷ್ಟು ಎಂಬುದನ್ನು ಬೇರ್ಪಡಿಸುವುದು ವಿಮರ್ಶಕನಿಗೆ ಇಂದಿಗೂ ಕಷ್ಟವಾಗಿಯೇ ಇರುವುದು.

ಈಚಿನ ದಿನಗಳಲ್ಲಿ ತರುಣ ಕವಿಗಳು ಮನೆತನದ ಹೆಸರು, ಹುಟ್ಟಿದೂರಿನ ಹೆಸರು, ಅಜ್ಜ ಅಜ್ಜಿಯರ ಬಾಯಲ್ಲಿ ಉಳಿದ ಹಳೆಯ ಮಾತು, ಇಂಥವುಗಳ ವ್ಯುತ್ಪತ್ತಿಯನ್ನು ಹಿಡಿದು ಪದ್ಯ ರಚಿಸುವುದು ಕಂಡುಬರುತ್ತಿದೆ. ಇದು ಸಂತೋಷದ ವಿಷಯವೇ ಸರಿ. ಆದರೆ ಈ ಪದ್ಯಗಳಲ್ಲಿ ಕೆಲವು ನಿಘಂಟಿನ ಪುಟಗಳಂತೆ ಒಣಗಿರುವುವು. ಕೆಲವು ಹೊಗಳುಭಟ್ಟರ ಪ್ರಶಸ್ತಿಗಳಂತೆ ಉಬ್ಬಿರುವುವು. ಎಲ್ಲೋ ಕೆಲವು ಮಾತ್ರ ಕಾವ್ಯವಾಗಿರುವುವು. ಈ ತಾರತಮ್ಯಕ್ಕೆ ಕಾರಣವೇನು? ಯಾವ ನಿರ್ವಚನ ಕಾವ್ಯವಾಗುತ್ತದೆ, ಯಾವುದು ಆಗುವುದಿಲ್ಲ? ಪ್ರಾಚೀನರ ಪ್ರಯೋಗಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೧. ಶಾಸ್ತ್ರದ ನಿರ್ವಚನ

ಮೊದಲು ಶಾಸ್ತ್ರದ ಮಾತು. ನಾಮಪದಗಳೆಲ್ಲವೂ ಧಾತುಗಳಿಂದ ಹುಟ್ಟಿದುವೆಂದು ಶಾಕಟಾಯನನ ಮತ. ಎಲ್ಲವೂ ಹಾಗಲ್ಲವೆಂದು ಗಾರ್ಗ್ಯನ ಮತ. ಈ ವಿವಾದವನ್ನು ಯಾಸ್ಕಾಚಾರ್ಯರು ನಿರುಕ್ತದ ಮೊದಲನೆಯ ಅಧ್ಯಾಯದಲ್ಲಿಯೇ ಎತ್ತಿಕೊಂಡಿರುವರು. ಗಾರ್ಗ್ಯನ ಆಕ್ಷೇಪ ಬಹು ಚಮತ್ಕಾರವಾಗಿದೆ. ದಾರಿಯನ್ನು ವ್ಯಾಪಿಸಿ ಓಡುವುದರಿಂದ ಕುದುರೆಗೆ ಅಶ್ವವೆಂದು ಹೆಸರಾಯಿತೆನ್ನುವುದಾದರೆ, ದಾರಿಯಲ್ಲಿ ಹೋಗುವ ಪ್ರತಿಯೊಂದನ್ನೂ ಅಶ್ವವೆಂದೇ ಕರೆಯಬೇಕಾಯಿತಲ್ಲ ಎಂದು ಅವನು ಕೇಳುತ್ತಾನೆ. ಲೋಕದಲ್ಲಿ ಒಂದೇ ಕೆಲಸವನ್ನು ಮಾಡುವವರಲ್ಲಿ ಕೆಲವರಿಗೆ ಮಾತ್ರ ಆ ಕೆಲಸದ ಹೆಸರು ಬರುವುದು, ಉಳಿದವರಿಗೆ ಬಾರದು, ಇದು ಕಂಡ ವಿಷಯವೇ ಎಂದು ಯಾಸ್ಕರ ಸಮಾಧಾನ.

ಈ ಉತ್ತರ ಶಾಸ್ತ್ರಕ್ಕೆ ಸಾಕು. ಆದರೆ ಇದರಿಂದ ಒಂದು ವಿಷಯ ಹೊರಬೀಳುತ್ತದೆ. ಹೆಸರು ವಸ್ತುವಿನ ಸಮಗ್ರ ಸ್ವರೂಪವನ್ನು ಹೇಳುವುದಿಲ್ಲ. ಅದರ ಅನೇಕ ಧರ್ಮಗಳಲ್ಲಿ ಒಂದನ್ನು ಆರಿಸಿಕೊಂಡು ಹೇಳುತ್ತದೆ. ಆರಿಸಿದವರು ಯಾರು, ಏತಕ್ಕೆ ಆರಿಸಿದರು, ಆ ಆಯ್ಕೆಯ ಭಾರವನ್ನು ಮುಂದೆ ಯಾರು ಹೊರಬೇಕು ಎಂಬ ಪ್ರಶ್ನೆಗಳನ್ನು ಶಾಸ್ತ್ರ ಕೇಳುವುದಿಲ್ಲ. ಅವನ್ನು ಕೇಳುವವನು ಕವಿ.

೨. ಕಾಳಿದಾಸನ ಮಾರ್ಗ

ವಂಶವನ್ನೇ ವಸ್ತುವಾಗಿ ಉಳ್ಳ ಕಾವ್ಯಗಳಲ್ಲಿ ರಘುವಂಶವು ಅಗ್ರಗಣ್ಯವಾದುದು. ಅದರ ಮೂರನೆಯ ಸರ್ಗದಲ್ಲಿ ದಿಲೀಪನು ಮಗನಿಗೆ ಹೆಸರಿಡುವ ಸಂದರ್ಭವನ್ನು ವಾಚಕರು ನೆನೆಯಬಹುದು. ಗಮನಾರ್ಥಕವಾದ ಧಾತುವನ್ನು ಮನಸ್ಸಿನಲ್ಲಿಟ್ಟುಕೊಂಡು, ಈ ಕೂಸು ವಿದ್ಯೆಯ ಕೊನೆಯನ್ನೂ ಯುದ್ಧದಲ್ಲಿ ಶತ್ರುಗಳ ಕೊನೆಯನ್ನೂ ಮುಟ್ಟಲೆಂದು ತಂದೆ ರಘುವೆಂದು ಕರೆದನೆಂದು ಕವಿ ಹೇಳುವನು. ಇಲ್ಲಿ ಧಾತುವಿನ ಅರ್ಥ ಹಿಂದಿನದನ್ನು ವಿವರಿಸುವುದಿಲ್ಲ, ಮುಂದಿನದನ್ನು ಹಾರೈಸುತ್ತದೆ. ತಂದೆಯ ಹಾರೈಕೆಯೇ ಮಗನಿಗೆ ಹೆಸರಾಯಿತು; ಮಗನ ಹೆಸರೇ ವಂಶಕ್ಕೆ ಹೆಸರಾಯಿತು.

ಇದಕ್ಕಿಂತಲೂ ಗಂಭೀರವಾದುದು ಎರಡನೆಯ ಸರ್ಗದ ಸಂದರ್ಭ. ನಂದಿನಿಯನ್ನು ಸಿಂಹವು ಹಿಡಿದಿದೆ. ರಾಜನು ತನ್ನ ಶರೀರವನ್ನೇ ಅದಕ್ಕೆ ಒಪ್ಪಿಸಲು ನಿಂತಿದ್ದಾನೆ. ಒಂದು ಹಸುವಿಗಾಗಿ ಇಷ್ಟು ದೊಡ್ಡ ರಾಜ್ಯವನ್ನೂ ಪ್ರಾಯವನ್ನೂ ಕಳೆದುಕೊಳ್ಳುವುದು ಅವಿವೇಕವೆಂದು ಸಿಂಹವು ಹೇಳಿದಾಗ, ದಿಲೀಪನು ಕ್ಷತ್ರಶಬ್ದದ ನಿರ್ವಚನವನ್ನು ಉತ್ತರವಾಗಿ ಕೊಡುವನು. ಗಾಯದಿಂದ, ಎಂದರೆ ನಾಶದಿಂದ, ಕಾಪಾಡುವುದು ಕ್ಷತ್ರ. ಅದಕ್ಕೆ ವಿಪರೀತವಾಗಿ ನಡೆದವನಿಗೆ ರಾಜ್ಯವಾಗಲಿ ಪ್ರಾಣವಾಗಲಿ ಏತಕ್ಕೆ ಎಂಬುದು ಅವನ ಅಭಿಪ್ರಾಯ. ಪಾಠಶಾಲೆಯಲ್ಲಿ ಹೇಳಿದ್ದರೆ ಇದು ಒಂದು ವ್ಯುತ್ಪತ್ತಿ ಮಾತ್ರವಾಗುತ್ತಿತ್ತು. ಸಿಂಹದ ಎದುರಿಗೆ ಹೇಳಿದುದರಿಂದ ಇದು ಪ್ರತಿಜ್ಞೆಯಾಯಿತು.

ಇಲ್ಲಿ ಶಾಬ್ದಿಕನು ಎದ್ದು ಆಕ್ಷೇಪಿಸಬಹುದು. ಆಳ್ವಿಕೆಯೆಂಬ ಅರ್ಥವುಳ್ಳ ಕ್ಷಿ ಧಾತುವಿನಿಂದ ಕ್ಷತ್ರಶಬ್ದ ಬಂದುದೆಂದೂ, ಅವೆಸ್ತಾ ಭಾಷೆಯಲ್ಲಿಯೂ ಇದರ ಸಹೋದರ ಶಬ್ದವು ರಾಜ್ಯವೆಂಬ ಅರ್ಥದಲ್ಲಿಯೇ ಇರುವುದೆಂದೂ ಆಧುನಿಕ ಭಾಷಾಶಾಸ್ತ್ರಜ್ಞರು ಹೇಳುವರು. ಪ್ರಜೆಗಳನ್ನು ರಂಜಿಸುವುದರಿಂದ ರಾಜನೆಂದು ಕಾಳಿದಾಸನು ನಾಲ್ಕನೆಯ ಸರ್ಗದಲ್ಲಿ ಸೂಚಿಸಿರುವುದೂ ವ್ಯಾಕರಣಕ್ಕೆ ಸಮ್ಮತವಾದುದಲ್ಲ. ದೀಪ್ತ್ಯರ್ಥಕವಾದ ರಾಜೃ ಧಾತುವೇ ಅಲ್ಲಿ ಪ್ರಸಿದ್ಧವಾದುದು. ಹಾಗಾದರೆ ಕವಿಕುಲಗುರುವಿಗೆ ವ್ಯಾಕರಣ ತಿಳಿಯದೆ? ತಿಳಿಯದೆ ಏನು! ರಂಜನದ ಅರ್ಥ ಮಹಾಭಾರತದಿಂದ ಬಂದ ಸಂಪ್ರದಾಯ. ಅದನ್ನು ಅವನು ಬುದ್ಧಿಪೂರ್ವಕವಾಗಿಯೇ ಸ್ವೀಕರಿಸಿದನು. ಹೊಳೆಯುವವನು ರಾಜನೆಂದರೆ ಅರಸನಿಗೆ ಯಾವ ಹೊಣೆಯೂ ಇಲ್ಲ. ಸಂತೋಷಪಡಿಸುವವನು ರಾಜನೆಂದರೆ ದಿನದಿನವೂ ತೀರಿಸಬೇಕಾದ ಸಾಲವಿದೆ.

ಕುಮಾರಸಂಭವದ ಒಂದು ನಿದರ್ಶನವೂ ಇಲ್ಲಿ ಸ್ಮರಣೀಯ. ತಪಸ್ಸಿಗೆ ಹೊರಟ ಮಗಳನ್ನು ಬೇಡವೆಂದು ತಾಯಿ ತಡೆದ ಮಾತಿನಿಂದಲೇ ಪಾರ್ವತಿಗೆ ಉಮೆಯೆಂಬ ಹೆಸರು ಬಂದಿತೆಂದು ಕವಿ ಹೇಳುವನು. ಜಗನ್ಮಾತೆಯ ಹೆಸರಿನ ಮೂಲವನ್ನು ಅವನು ಮಂತ್ರದಲ್ಲಿ ಹುಡುಕಲಿಲ್ಲ; ಒಬ್ಬ ತಾಯಿಯ ಭಯದಲ್ಲಿ ಕಂಡನು. ಹೆಸರೆಂಬುದು ಮನೆಯೊಳಗೆ ಹುಟ್ಟುವುದೆಂಬ ಸತ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಬಗೆ ಬೇರೆ ಇಲ್ಲ.

೩. ಮನೆಯ ಮುಂದಿನ ಮರ

ಇನ್ನು ಕರ್ಣಾಟಕದ ಶಾಸನಗಳಿಗೆ ಬರುವ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದಿರುವ ಸ್ತಂಭಶಾಸನವು ಕದಂಬರ ಶಾಂತಿವರ್ಮನ ಕಾಲದ್ದು, ಎಂದರೆ ಕ್ರಿಸ್ತಶಕ ೫ನೆಯ ಶತಮಾನದ್ದು. ಇದನ್ನು ರಚಿಸಿದವನು ಕುಬ್ಜನೆಂಬ ಕವಿ; ಕಲ್ಲಿನ ಮೇಲೆ ಬರೆದವನೂ ಅವನೇ. ಈ ಸಂಸ್ಕೃತ ರಚನೆಯಲ್ಲಿ ಕದಂಬವೆಂಬ ವಂಶನಾಮಕ್ಕೆ ಕೊಟ್ಟಿರುವ ಕಾರಣ ಅತ್ಯಂತ ಸರಳವಾದುದು. ಮಾನವ್ಯಗೋತ್ರದ, ಹಾರೀತಿಪುತ್ರರೆನಿಸಿದ ಒಂದು ಬ್ರಾಹ್ಮಣ ಕುಟುಂಬ. ಅವರ ಮನೆಯ ಬಳಿಯಲ್ಲಿ ಒಂದು ಕದಂಬ ವೃಕ್ಷ. ಅದನ್ನು ಅವರು ಎಚ್ಚರಿಕೆಯಿಂದ ಪೋಷಿಸಿದರು. ಪೋಷಿಸಿದವರಿಗೆ ಆ ಮರದ ಹೆಸರೂ ಅದರ ಗುಣವೂ ಬಂದುವು. ಇಷ್ಟೆ.

ಅರಸರ ಪ್ರಶಸ್ತಿಯಲ್ಲಿ ಸೂರ್ಯಚಂದ್ರರಿಲ್ಲದೆ ವಂಶವು ಮೊದಲಾಗುವುದು ಎಷ್ಟು ಅಪೂರ್ವವೆಂಬುದನ್ನು ಶಾಸನಗಳನ್ನು ಓದಿದವರು ಬಲ್ಲರು. ಮುಂದೆ ಇದೇ ಶಾಸನದಲ್ಲಿ ಮಯೂರಶರ್ಮನು ಗುರು ವೀರಶರ್ಮನೊಡನೆ ಕಾಂಚಿಯ ಘಟಿಕೆಗೆ ವಿದ್ಯಾರ್ಥಿಯಾಗಿ ಹೋದುದೂ, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವಾದುದೂ, ದರ್ಭೆ ಸಮಿತ್ತುಗಳನ್ನು ಹಿಡಿದ ಕೈ ಕತ್ತಿಯನ್ನು ಹಿಡಿದುದೂ ವರ್ಣಿತವಾಗಿವೆ. ಮೊದಲಿಗೆ ಮರವನ್ನು ಸಾಕಿದ ಕೈಗಳನ್ನು ಕವಿ ತೋರಿಸಿದ್ದರಿಂದಲೇ ಕತ್ತಿ ಹಿಡಿದ ಕೈಯ ಕಥೆಗೆ ತೂಕ ಬಂದಿದೆ. ನಿರ್ವಚನವು ಇಲ್ಲಿ ಅಲಂಕಾರವಲ್ಲ, ಕಥೆಯ ಬೇರು.

ನಮ್ಮ ನಾಡಿನ ಅನೇಕ ಜನಸಮುದಾಯಗಳಲ್ಲಿ ಬೆಡಗು, ಬಳಿ ಎಂಬ ಕುಲಭೇದಗಳಿಗೆ ಮರ, ಬಳ್ಳಿ, ಪ್ರಾಣಿಗಳ ಹೆಸರಿರುವುದುಂಟು. ಆ ಬೆಡಗಿನವರು ಆ ಮರವನ್ನು ಕಡಿಯದಿರುವ ಆಚಾರವೂ ಉಂಟು. ಕುಬ್ಜನ ಪದ್ಯವನ್ನು ಈ ಆಚಾರದ ಪಕ್ಕದಲ್ಲಿಟ್ಟು ಓದಿದರೆ, ಸಂಸ್ಕೃತದಲ್ಲಿ ಬರೆದ ಕವಿಯು ಈ ನೆಲದ ನಡೆವಳಿಕೆಗೆ ಎಷ್ಟು ಸಮೀಪದಲ್ಲಿ ನಿಂತಿದ್ದನೆಂಬುದು ತಿಳಿಯುವುದು.

ಕಾಲಕ್ರಮದಲ್ಲಿ ಇದೇ ಹೆಸರಿಗೆ ಬೇರೆ ಕಥೆ ಹುಟ್ಟಿತು. ಹಾನಗಲ್ಲು ಮತ್ತು ಗೋವೆಯ ಕದಂಬರ ಕಾಲಕ್ಕೆ, ಶಿವನ ಹಣೆಯ ಬೆವರ ಹನಿ ಕದಂಬ ವೃಕ್ಷದ ಬುಡದಲ್ಲಿ ಬಿದ್ದು ಮುಕ್ಕಣ್ಣನಾದ ಪುರುಷನು ಉದಿಸಿದನೆಂಬ ವರ್ಣನೆ ಪ್ರಚಾರಕ್ಕೆ ಬಂದಿತು. ಮರವೇನೋ ಉಳಿಯಿತು; ಆದರೆ ಅದಕ್ಕೆ ನೀರೆರೆದವರು ಮರೆಯಾದರು. ಎರಡನೆಯ ಕಥೆ ಮೊದಲನೆಯದಕ್ಕಿಂತ ಅದ್ಭುತವಾಗಿದೆ, ಸಂದೇಹವಿಲ್ಲ. ಆದರೆ ಅದನ್ನು ಕೇಳಿದ ವಂಶಜನು ಮಾಡಬೇಕಾದ ಕೆಲಸ ಯಾವುದೂ ಇಲ್ಲ. ಮೊದಲನೆಯದನ್ನು ಕೇಳಿದವನು ಮರಕ್ಕೆ ನೀರನ್ನಾದರೂ ಎರೆಯಬೇಕು.

೪. ಬೊಗಸೆಯ ನೀರು, ಕೇಸರಿಯ ತೋಟ

ಚಾಲುಕ್ಯರ ಹೆಸರಿನ ವಿಷಯವು ಇನ್ನೂ ಬೋಧಪ್ರದವಾದುದು. ಬಾದಾಮಿಯ ಕೋಟೆಯ ಬಂಡೆಯ ಮೇಲಿನ ಕ್ರಿಸ್ತಶಕ ೫೪೩ರ ಶಾಸನದಲ್ಲಿ ಈ ಹೆಸರು ಚಲಿಕ್ಯವೆಂಬ ರೂಪದಲ್ಲಿದೆ. ಬೇರೆ ಬೇರೆ ಶಾಸನಗಳಲ್ಲಿ ಚಲ್ಕ್ಯ, ಚಲುಕ್ಯ ಮುಂತಾದ ರೂಪಗಳೂ ಕಾಣುವುವು. ಆ ಅರಸರ ಪ್ರಶಸ್ತಿಗಳಲ್ಲಿ ಮಾನವ್ಯಗೋತ್ರ, ಹಾರೀತಿಪುತ್ರತ್ವ, ಸಪ್ತಮಾತೃಕೆಯರ ಪೋಷಣೆ, ಕಾರ್ತಿಕೇಯನ ರಕ್ಷಣೆ ಇವು ಬರುವುವೇ ಹೊರತು ಹೆಸರಿಗೆ ವ್ಯುತ್ಪತ್ತಿ ಬರುವುದಿಲ್ಲ. ಚುಲುಕ, ಎಂದರೆ ಬೊಗಸೆ, ಆ ಶಬ್ದದಿಂದ ಚಾಲುಕ್ಯವೆಂಬ ಹೆಸರು ಬಂದಿತೆಂಬ ಕಥೆ ಕಲ್ಯಾಣದ ಅರಸರ ಕಾಲದಲ್ಲಿ ಪ್ರಸಿದ್ಧವಾಯಿತು. ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಸ್ಥಾನದಲ್ಲಿದ್ದ ಬಿಲ್ಹಣನು ವಿಕ್ರಮಾಂಕದೇವಚರಿತದ ಮೊದಲನೆಯ ಸರ್ಗದಲ್ಲಿ ಈ ಕಥೆಯನ್ನು ವಿಸ್ತರಿಸಿರುವನು: ಸಂಧ್ಯಾಕಾಲದಲ್ಲಿ ಬ್ರಹ್ಮನು ಬೊಗಸೆಯಲ್ಲಿ ನೀರನ್ನು ಹಿಡಿದಿರುವಾಗ ಇಂದ್ರನು ಬಂದು ಭೂಮಿಯ ಅಧರ್ಮವನ್ನು ಬಿನ್ನವಿಸುವನು, ಆ ಬೊಗಸೆಯಿಂದ ವೀರನೊಬ್ಬನು ಉದಿಸುವನು, ಅವನಿಂದ ಈ ಕುಲ.

ವರ್ಣನೆ ಪ್ರೌಢವಾಗಿದೆ. ಆದರೂ ಇದನ್ನು ಓದಿ ಮುಗಿಸಿದ ಸಹೃದಯನಿಗೆ ಕವಿಯ ಪಾಂಡಿತ್ಯ ನೆನಪಿನಲ್ಲಿ ಉಳಿಯುವುದೇ ಹೊರತು ಚಾಲುಕ್ಯರು ಉಳಿಯುವುದಿಲ್ಲ. ಹೆಸರಿನ ಸದ್ದಿಗೆ ಹೊಂದುವ ಸಂಸ್ಕೃತ ಶಬ್ದವೊಂದನ್ನು ಹುಡುಕಿ, ಆ ಶಬ್ದಕ್ಕೆ ಹೊಂದುವ ಕಥೆಯೊಂದನ್ನು ಕಟ್ಟಿದಂತಿದೆ. ಶಬ್ದದಿಂದ ಕಥೆ ಬಂದಿತಲ್ಲದೆ ಬಾಳಿನಿಂದ ಬರಲಿಲ್ಲ.

ಬಿಲ್ಹಣನಿಗೆ ಶಕ್ತಿ ಸಾಲದೆ ಹೀಗಾಯಿತೆ ಎಂದರೆ, ಅಲ್ಲ. ಅದೇ ಕಾವ್ಯದ ಹದಿನೆಂಟನೆಯ, ಎಂದರೆ ಕೊನೆಯ, ಸರ್ಗವನ್ನು ತೆರೆದು ನೋಡಬೇಕು. ಅಲ್ಲಿ ಕವಿ ತನ್ನ ಕಾಶ್ಮೀರವನ್ನೂ, ಹುಟ್ಟಿದ ಖೋನಮುಖ ಗ್ರಾಮವನ್ನೂ, ಅಲ್ಲಿಯ ಕೇಸರಿಯನ್ನೂ ದ್ರಾಕ್ಷಿಯನ್ನೂ, ಮುಕ್ತಿಕಲಶ, ರಾಜಕಲಶ, ಜ್ಯೇಷ್ಠಕಲಶರೆಂಬ ತನ್ನ ಹಿರಿಯರನ್ನೂ ಹೇಳಿಕೊಂಡಿರುವನು. ತಂದೆಯಾದ ಜ್ಯೇಷ್ಠಕಲಶನು ಮಹಾಭಾಷ್ಯಕ್ಕೆ ವ್ಯಾಖ್ಯಾನವನ್ನು ರಚಿಸಿದ ವೈಯಾಕರಣ. ದೂರದೇಶದಲ್ಲಿ ಅರಸನಿಂದ ವಿದ್ಯಾಪತಿಯೆನಿಸಿಕೊಂಡು ಬಾಳುತ್ತಿದ್ದ ಕವಿಗೆ ತನ್ನ ಮನೆಯ ಮೂಲವನ್ನು ಹೇಳಲು ಬ್ರಹ್ಮನ ಬೊಗಸೆ ಬೇಕಾಗಲಿಲ್ಲ. ಒಂದು ತೋಟ, ಒಂದು ಗ್ರಂಥ ಸಾಕಾಯಿತು. ಒಬ್ಬನೇ ಕವಿ, ಒಂದೇ ಕಾವ್ಯ. ಮೊದಲ ಸರ್ಗದಲ್ಲಿ ಪರರ ವಂಶ, ಕೊನೆಯ ಸರ್ಗದಲ್ಲಿ ತನ್ನ ವಂಶ. ಯಾವುದರಲ್ಲಿ ಉಸಿರಿದೆಯೆಂಬುದನ್ನು ಓದುಗರೇ ನಿರ್ಣಯಿಸಬಲ್ಲರು.

೫. ಪೊಯ್ ಎಂಬ ಧಾತು

ಹೊಯ್ಸಳರ ಹೆಸರು ಅಚ್ಚಗನ್ನಡದ ನಿರ್ವಚನಕ್ಕೆ ನಿದರ್ಶನ. ಸೊಸೆವೂರಿನಲ್ಲಿ, ಎಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ವಾಸಂತಿಕಾದೇವಿಯ ಸನ್ನಿಧಿಯಲ್ಲಿ ಹುಲಿಯು ಮೇಲೆ ಬೀಳಲು, ಜೈನಮುನಿಯು ಸಳನೆಂಬವನಿಗೆ ಹೊಡೆಯೆಂದು ಆಜ್ಞಾಪಿಸಿದನು. ಪೊಯ್ ಎಂಬ ಆ ಕ್ರಿಯಾಪದವೂ ಸಳನೆಂಬ ಹೆಸರೂ ಸೇರಿ ಪೊಯ್ಸಳವಾಯಿತೆಂಬುದು ಎಲ್ಲರೂ ಬಲ್ಲ ಕಥೆ. ಪೊಯ್ಸಳವೆಂಬ ಹೆಸರು ೧೧ನೆಯ ಶತಮಾನದ ಆದಿಭಾಗದ ಶಾಸನಗಳಲ್ಲಿಯೇ ಇದೆ. ಸಳನ ಕಥೆಯಾದರೋ ವಿಷ್ಣುವರ್ಧನನ ಕಾಲಕ್ಕೆ, ೧೧೧೭ರ ಬೇಲೂರಿನ ಶಾಸನದ ಹೊತ್ತಿಗೆ, ಕಾಣಿಸಿಕೊಳ್ಳುವುದು. ಹೆಸರು ಹಿಂದಿನದು, ಕಥೆ ಈಚಿನದು. ಚರಿತ್ರಕಾರನ ಮಟ್ಟಿಗೆ ಇಷ್ಟರಿಂದಲೇ ತೀರ್ಪಾಗುತ್ತದೆ.

ಆದರೆ ವಿಮರ್ಶಕನು ಇಲ್ಲಿಗೇ ನಿಲ್ಲಲಾಗದು. ಈ ನಿರ್ವಚನದ ಹೃದಯದಲ್ಲಿರುವುದು ವಿಧ್ಯರ್ಥದ ಕನ್ನಡ ಕ್ರಿಯಾಪದ. ಅರಸನ ಹೆಸರನ್ನು ಉಚ್ಚರಿಸಿದಾಗಲೆಲ್ಲ ಆ ಆಜ್ಞೆಯನ್ನು ಪುನಃ ಉಚ್ಚರಿಸಿದಂತಾಗುವುದು. ಜನರ ಮೇಲೆ ಬೀಳುವ ಮೃಗವನ್ನು ತಡೆಯತಕ್ಕದ್ದೇ ಈ ಕುಲದ ಕೆಲಸವೆಂದಾಗುವುದು. ಶಿಲ್ಪಿಗಳು ಇದನ್ನು ಕಲ್ಲಿನಲ್ಲಿ ಕೆತ್ತಿ ದೇವಾಲಯಗಳ ಮೇಲೆ ನಿಲ್ಲಿಸಿದುದರಿಂದ ವ್ಯುತ್ಪತ್ತಿಯು ಲಾಂಛನವಾಯಿತು. ಇದೇ ಅರಸರು ತಾವು ಯಾದವರೆಂದೂ ದ್ವಾರಾವತೀಪುರವರಾಧೀಶ್ವರರೆಂದೂ ಹೇಳಿಕೊಂಡರು, ಮಲೆಪರೊಳ್ಗಂಡರೆಂದೂ ಹೇಳಿಕೊಂಡರು. ಮೊದಲಿನ ಎರಡು ಬಿರುದುಗಳನ್ನು ಬೇರೆಯವರೂ ಧರಿಸಬಹುದು. ಮಲೆಯ ನಾಯಕರಲ್ಲಿ ಗಂಡನೆಂಬ ಬಿರುದು ಮಾತ್ರ ಸಹ್ಯಾದ್ರಿಯ ಮಳೆಯಲ್ಲಿ ನೆನೆದು ಬಂದುದು. ಕವಿಗೆ ಎಲ್ಲಿ ಕೈಯಿಡಬೇಕೆಂಬುದು ಇದರಿಂದ ಸ್ಪಷ್ಟವಾಗದೆ ಇರದು.

೬. ಪೂರ್ವಪಕ್ಷವೂ ಸಮಾಧಾನವೂ

ಇಲ್ಲಿ ಒಂದು ಶಂಕೆ. ಕಾಳಿದಾಸನ ಕ್ಷತ್ರನಿರ್ವಚನವೂ ಶಾಸ್ತ್ರದೃಷ್ಟಿಯಿಂದ ಸಿದ್ಧವಲ್ಲ, ಬಿಲ್ಹಣನ ಚುಲುಕನಿರ್ವಚನವೂ ಸಿದ್ಧವಲ್ಲ. ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವುದು ಪಕ್ಷಪಾತವಲ್ಲವೆ? ಅಥವಾ, ಕವಿಗೆ ಸುಳ್ಳು ವ್ಯುತ್ಪತ್ತಿಯನ್ನು ಹೇಳುವ ಅಧಿಕಾರವಿದೆಯೆಂದು ಒಪ್ಪಿದ ಮೇಲೆ ಯಾವ ಮನೆತನದ ಹೆಸರನ್ನು ಯಾವ ಋಷಿಯ ಹೆಸರಿಗೆ ಗಂಟುಹಾಕಿದರೂ ತಡೆಯುವವರು ಯಾರು?

ಸಮಾಧಾನ ಹೀಗೆ. ನಿರ್ವಚನಗಳು ಎರಡು ಬಗೆ. ಒಂದು, ಹೇಳಿದವನನ್ನು ಕಟ್ಟಿಹಾಕುವುದು. ಇನ್ನೊಂದು, ಹೇಳಿದವನನ್ನು ಮೇಲೆ ಕೂರಿಸುವುದು. ದಿಲೀಪನ ನಿರ್ವಚನವು ಅವನಿಂದ ಪ್ರಾಣವನ್ನು ಕೇಳಿತು. ಹಿಂದೆ ಹೀಗಿತ್ತೆಂದು ಅದು ಸಾಕ್ಷಿ ಹೇಳಲಿಲ್ಲ, ಇನ್ನು ಹೀಗಿರತಕ್ಕದ್ದೆಂದು ನಿಯಮಿಸಿತು. ಅಂಥ ಮಾತಿಗೆ ಭಾಷಾಶಾಸ್ತ್ರದ ಪ್ರಮಾಣ ಬೇಕಾಗಿಲ್ಲ. ಆಡಿದವನ ನಡತೆಯೇ ಪ್ರಮಾಣ. ಬೊಗಸೆಯ ನಿರ್ವಚನವಾದರೋ ಹಿಂದೆ ಹೀಗಾಯಿತೆಂದು ಸಾಕ್ಷಿ ನುಡಿಯುತ್ತದೆ, ಆ ಸಾಕ್ಷ್ಯದಿಂದ ಅರಸನಿಗೆ ಲಾಭವಾಗುತ್ತದೆ, ಅವನಿಂದ ಏನನ್ನೂ ಕೇಳುವುದಿಲ್ಲ. ಲಾಭಕ್ಕಾಗಿ ನುಡಿದ ಸಾಕ್ಷ್ಯವನ್ನು ಶೋಧಿಸುವುದು ನ್ಯಾಯವೇ ಆಗಿದೆ. ಹೀಗಿರಲು, ಕವಿಯು ಶಬ್ದಮೂಲವನ್ನು ಸಾಕ್ಷ್ಯವಾಗಿ ಬಳಸುವುದಾದರೆ ಅದು ನಿಜವಾಗಿರಬೇಕು; ಸಂಕಲ್ಪವಾಗಿ ಬಳಸುವುದಾದರೆ ಅವನು ಅದಕ್ಕೆ ಬದ್ಧನಾಗಿರಬೇಕು. ಇವೆರಡೂ ಇಲ್ಲದೆಡೆ ಚಮತ್ಕಾರವಿರಬಹುದು, ಕಾವ್ಯವಿರದು.

ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದ ನಮ್ಮಂಥವರು ಇಲ್ಲಿ ವಿಶೇಷ ಎಚ್ಚರದಿಂದಿರಬೇಕು. ದೇಶ್ಯ ಶಬ್ದವೊಂದು ಕಣ್ಣಿಗೆ ಬಿದ್ದೊಡನೆ ಅದಕ್ಕೆ ಸಂಸ್ಕೃತದ ಧಾತುವನ್ನು ತೊಡಿಸುವ ಚಪಲ ನಮ್ಮ ವರ್ಗದಲ್ಲಿ ಹಳೆಯದು. ಕಿವಿಗಳಲ್ಲಿ ಸಂಚರಿಸುವುದರಿಂದ ಕರ್ಣಾಟವೆಂದು ವಿವರಿಸಿದವರು ಪಂಡಿತರೇ. ಕೇಳಲು ಅದು ಇಂಪಾಗಿದೆ. ಆದರೆ ಎತ್ತರದ ನಾಡು ಕರುನಾಡು, ಕಪ್ಪು ಮಣ್ಣಿನ ನಾಡು ಕರ್ನಾಡು ಎಂಬ ಎರಡು ಪಕ್ಷಗಳಲ್ಲಿ ಯಾವುದು ಸರಿಯಾದರೂ, ಅದರಲ್ಲಿ ಕಾಲೂರಲು ನೆಲವಿದೆ. ಕಿವಿಯ ಪಕ್ಷದಲ್ಲಿ ಕಾಲೂರಲು ಸ್ಥಳವಿಲ್ಲ. ಕುಂಬಾರಿಕೆಯಿಂದಲೋ ಕಾವಲಿನಿಂದಲೋ ಒಂದು ಮರದಿಂದಲೋ ಬಂದ ಮನೆತನದ ಹೆಸರನ್ನು ಸಂಸ್ಕರಿಸುವೆವೆಂದು ಹೊರಟು, ಆ ಹೆಸರು ಹೊತ್ತು ತಂದ ದುಡಿಮೆಯನ್ನೇ ಅಳಿಸಿಬಿಡುವುದು ಸಂಸ್ಕಾರವಲ್ಲ.

೭. ಪಂಪ, ಕೇಶಿರಾಜ

ವಂಶವನ್ನು ಹೇಳಿಕೊಳ್ಳುವುದೆಂದರೆ ಹೊಗಳಿಕೊಳ್ಳುವುದೇ ಆಗಬೇಕಿಲ್ಲವೆಂಬುದಕ್ಕೆ ಪಂಪನೇ ಸಾಕ್ಷಿ. ವೆಂಗಿ ಮಂಡಲದ ವಂಗಿಪರ್ರಿನ ಮಾಧವ ಸೋಮಯಾಜಿಯಿಂದ ಮೊದಲಾದ ತನ್ನ ವಂಶವನ್ನು ಅವನು ವಿಕ್ರಮಾರ್ಜುನ ವಿಜಯದ ಕೊನೆಯಲ್ಲಿ ಹೇಳಿರುವನು. ಆ ಸೋಮಯಾಜಿಯ ಯಜ್ಞಗಳ ಹೊಗೆಯಿಂದ ಅವನ ಬೆಳ್ಳಗಿನ ಕೀರ್ತಿ ಕಪ್ಪಾಯಿತೆಂಬ ಭಾವನೆ ಅಲ್ಲಿದೆ. ಕೀರ್ತಿ ಬಿಳಿದೆಂಬುದು ಕವಿಸಮಯ. ಹೊಗೆ ಕಪ್ಪೆಂಬುದು ಲೋಕಸಿದ್ಧ. ತಂದೆಯಾದ ಭೀಮಪ್ಪಯ್ಯನು ಜಿನಧರ್ಮವನ್ನು ಸ್ವೀಕರಿಸಿದ ಮನೆಯಲ್ಲಿ ಬೆಳೆದ ಮಗನು ಯಾಗಶೀಲನಾದ ಹಿರಿಯನನ್ನು ನೆನೆಯುವಾಗ, ಗೌರವವನ್ನೂ ಭಿನ್ನಾಭಿಪ್ರಾಯವನ್ನೂ ಒಂದೇ ಚಿತ್ರದಲ್ಲಿ ಇಡುವುದು ಹೇಗೆಂಬುದನ್ನು ಇದರಿಂದ ಕಲಿಯಬೇಕು. ಪಂಪನ ತಮ್ಮ ಜಿನವಲ್ಲಭನೂ ಕುರಿಕ್ಯಾಲದ ಬೊಮ್ಮಲಗುಟ್ಟದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಕುಟುಂಬದ ವಿಷಯವನ್ನು ಬರೆಯಿಸಿದನು. ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬುದು ತಿಳಿದಿರುವುದು ಆ ಶಾಸನದಿಂದಲೇ. ಅಣ್ಣನು ಬಿಟ್ಟ ತಾಯಿಯ ಕಡೆಯನ್ನು ತಮ್ಮನು ತುಂಬಿದನು.

ಶಬ್ದಮೂಲ, ವಂಶಮೂಲಗಳೆರಡೂ ಒಂದೇ ಗ್ರಂಥದಲ್ಲಿ ನಿಂತಿರುವುದು ೧೩ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ. ಕನ್ನಡ ಧಾತುಗಳನ್ನು ಪಟ್ಟಿಮಾಡಿ ಅರ್ಥ ಹೇಳಿದ ಕೇಶಿರಾಜನು, ತಾನು ಕವಿ ಸುಮನೋಬಾಣನ ಮಗಳ ಮಗನೆಂದೂ, ಜನ್ನನ ಸೋದರಳಿಯನೆಂದೂ, ಮಲ್ಲಿಕಾರ್ಜುನನ ಮಗನೆಂದೂ ಹೇಳಿಕೊಂಡನು. ತಾನು ಹೇಳುವ ಭಾಷೆಯನ್ನು ಯಾರ ಬಾಯಿಂದ ಕೇಳಿ ಕಲಿತನೆಂಬುದನ್ನು ಅವನು ಓದುಗರ ಮುಂದಿಟ್ಟಂತಾಯಿತು. ಇದು ಜಂಬವಲ್ಲ, ಪ್ರಮಾಣ.

ಈಚಿನವರಲ್ಲಿ ಬೇಂದ್ರೆಯವರು (೧೮೯೬–೧೯೮೧) ಅಂಬಿಕಾತನಯದತ್ತರೆಂದು ಹೆಸರಿಟ್ಟುಕೊಂಡು ತಾಯಿಯನ್ನು ಕಾವ್ಯನಾಮದೊಳಗೆ ನೆಲೆಗೊಳಿಸಿದರು. ಹಾರೀತಿಪುತ್ರರೆಂದು ಹೇಳಿಕೊಂಡ ಕದಂಬ ಚಾಲುಕ್ಯರ ಪದ್ಧತಿಯೇ ಇದು. ಭೇದವಿಷ್ಟೆ, ಅಲ್ಲಿ ಪುರಾತನ ಗೋತ್ರಸ್ಮರಣೆ, ಇಲ್ಲಿ ಹೆತ್ತ ತಾಯಿ. ಕುವೆಂಪು (೧೯೦೪–೧೯೯೪) ಅವರ ಹೆಸರಿನ ಮೂರಕ್ಷರಗಳಲ್ಲಿ ಕುಪ್ಪಳಿಯೆಂಬ ಊರೂ, ವೆಂಕಟಪ್ಪನೆಂಬ ತಂದೆಯೂ, ಪುಟ್ಟಪ್ಪನೆಂಬ ಮಗನೂ ಕ್ರಮವಾಗಿ ನಿಂತಿರುವರು. ಹೆಸರಿನಲ್ಲಿ ಮನೆಯನ್ನು ಹೊತ್ತವರು ಬರೆಹದಲ್ಲಿಯೂ ಅದನ್ನು ಇಳಿಸಲಿಲ್ಲವೆಂಬುದು ಅವರ ಕೃತಿಗಳನ್ನು ಓದಿದವರಿಗೆ ಗೊತ್ತಿರುವುದೇ.

ಈ ಮಾರ್ಗದಲ್ಲಿ ಬರೆಯುವ ತರುಣರಿಗೆ ಹೇಳತಕ್ಕದ್ದು ಹೆಚ್ಚಿಲ್ಲ. ವ್ಯುತ್ಪತ್ತಿಯನ್ನು ನಿಘಂಟಿನಲ್ಲಿ ನೋಡಿದ ದಿನವೇ ಪದ್ಯ ಬರೆಯಬೇಡಿರಿ. ಮನೆಯ ಹಿರಿಯರು ಆ ಶಬ್ದವನ್ನು ಯಾವ ಕೆಲಸದ ಮಧ್ಯದಲ್ಲಿ ಆಡುವರೆಂಬುದನ್ನು ಮೊದಲು ಕೇಳಿರಿ. ಎರಡು ವ್ಯುತ್ಪತ್ತಿಗಳು ಕಂಡರೆ ದೊಡ್ಡದನ್ನು ಬಿಟ್ಟು ನಿಜವಾದುದನ್ನು ಹಿಡಿಯಿರಿ. ಹಿರಿಯರಲ್ಲಿ ಒಪ್ಪಲಾಗದ್ದು ಕಂಡರೆ, ಪಂಪನಂತೆ, ಹೊಗೆಯನ್ನೂ ಹೇಳಿರಿ. ತಂದೆಯ ಕಡೆಯನ್ನು ಹೇಳಿದವರು ತಾಯಿಯ ಕಡೆಯನ್ನೂ ಹೇಳಿರಿ. ಅಬ್ಬಣಬ್ಬೆಯ ಊರನ್ನು ಉಳಿಸಲು ಎಲ್ಲರಿಗೂ ಒಬ್ಬ ಜಿನವಲ್ಲಭನು ದೊರೆಯುವುದಿಲ್ಲ. ಪದ್ಯವನ್ನು ಮುಗಿಸಿದ ಮೇಲೆ, ಆ ಹೆಸರು ನಿಮ್ಮಿಂದ ಏನನ್ನು ಕೇಳುತ್ತಿದೆಯೆಂದು ಒಮ್ಮೆ ವಿಚಾರಿಸಿಕೊಳ್ಳಿರಿ. ಏನನ್ನೂ ಕೇಳದಿದ್ದರೆ ಆ ನಿರ್ವಚನವನ್ನು ಕೋಶಕಾರರಿಗೆ ಬಿಟ್ಟುಕೊಡುವುದು ಲೇಸು.